ಹುದ್ದೆ ಮಡಿಕೇರಿಯಲ್ಲಿ, ಲಗಾಮು ಬೆಂಗಳೂರಿನಲ್ಲಿ: ಸರ್ಕಾರಿ ಕುರ್ಚಿ ಖಾಲಿ ಉಳಿಯುವುದು ಹೇಗೆ?

‘ಸಾಹೇಬ್ರು ಇನ್‌ಚಾರ್ಜ್ ಅಲ್ವಾ, ವಾರಕ್ಕೆ ಎರಡೇ ದಿನ ಇಲ್ಲಿಗೆ ಬರೋದು.’ ಕೊಡಗಿನಲ್ಲಿ ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ಮಾತು ಹೊಸದಲ್ಲ. ಕುಶಾಲನಗರದ ಅಧಿಕಾರಿಗೆ ಸೋಮವಾರಪೇಟೆಯ ಪ್ರಭಾರ, ವಿರಾಜಪೇಟೆಯವರಿಗೆ ಪೊನ್ನಂಪೇಟೆಯ ಪ್ರಭಾರ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರು ಕೇಳುತ್ತಾರೆ, ಅಧಿಕಾರಿಗಳು ‘ಸರ್ಕಾರಕ್ಕೆ ಬರೆದಿದ್ದೇವೆ’ ಎನ್ನುತ್ತಾರೆ, ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ನೋಡುವವರಿಗೆ ಇದು ಅಸಡ್ಡೆ ಅನ್ನಿಸುತ್ತದೆ. ಅಸಡ್ಡೆಯೂ ಒಂದಷ್ಟು ಇರಬಹುದು. ಆದರೆ ಹೆಚ್ಚಿನ ಪಾಲು, ಸರ್ಕಾರ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ, ಇಟ್ಟುಕೊಳ್ಳುವ, ಕಳಿಸುವ ಕ್ರಮದಲ್ಲಿಯೇ ಇದೆ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಮಾನವ ಸಂಪನ್ಮೂಲ ನಿರ್ವಹಣೆ ಎನ್ನುತ್ತಾರೆ. ಹೆಸರು ದೊಡ್ಡದು, ಒಳಗಿನ ಲೆಕ್ಕ ಮಾತ್ರ ಬಿಡಿಸಿ ನೋಡಬಹುದಾದದ್ದು.

ಕಾಫಿ ತೋಟದ ಮಾಲೀಕರಿಗೆ ಲೆಕ್ಕ ಬರೆಯುವ ಒಬ್ಬ ರೈಟರ್ ಬೇಕಾದರೆ ನಾಲ್ಕು ಕಡೆ ವಿಚಾರಿಸಿ, ಸಂಬಳ ಮಾತಾಡಿ, ಉಳಿಯಲು ಜಾಗ ತೋರಿಸಿ, ಸೋಮವಾರದಿಂದ ಬನ್ನಿ ಎನ್ನುತ್ತಾರೆ. ಕೊಯ್ಲಿಗೆ ಆಳು ಸಾಲದಿದ್ದರೆ ಕೂಲಿ ಏರಿಸುತ್ತಾರೆ. ಕೆಲಸ ಹಿಡಿಸದಿದ್ದರೆ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಾರೆ. ಅದೇ ಊರಿನ ತಹಶೀಲ್ದಾರರ ಕೈಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಎಷ್ಟು ಹುದ್ದೆ ಇರಬೇಕು ಎನ್ನುವುದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಯಾರು ಬರಬೇಕು ಎನ್ನುವುದನ್ನು ಲೋಕಸೇವಾ ಆಯೋಗವೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೋ ಪರೀಕ್ಷೆ ನಡೆಸಿ ತೀರ್ಮಾನಿಸುತ್ತದೆ. ಸಂಬಳ ವೇತನ ಆಯೋಗದ ಶಿಫಾರಸಿನ ಮೇಲೆ. ವರ್ಗಾವಣೆ ಇಲಾಖೆಯ ಮೇಲಿನವರದ್ದು, ಅದರ ಮೇಲೆ ಇನ್ನೂ ಮೇಲಿನವರದ್ದು. ಶಿಸ್ತು ಕ್ರಮಕ್ಕೆ ಬೇರೆಯೇ ನಿಯಮಾವಳಿ. ಜನ ಬೇಕು ಎನ್ನುವುದು ಯಾರಿಗೆ ಗೊತ್ತೋ ಅವರ ಹತ್ತಿರ ಹಗ್ಗದ ಒಂದು ತುದಿಯೂ ಇಲ್ಲ. ಸರ್ಕಾರಿ ವ್ಯವಸ್ಥೆಯ ಸಿಬ್ಬಂದಿ ಸಮಸ್ಯೆಯೆಲ್ಲ ಹುಟ್ಟುವುದು ಇಲ್ಲಿ.

ಹಾಗೆಂದು ಯಾರೋ ತಲೆಕೆಟ್ಟು ಈ ವ್ಯವಸ್ಥೆ ಮಾಡಿದ್ದಲ್ಲ. ಸರ್ಕಾರಿ ಕೆಲಸ ಯಾರದೋ ಮನೆಯ ಆಸ್ತಿಯಲ್ಲ, ಅರ್ಹತೆ ಇರುವ ಎಲ್ಲರಿಗೂ ಸಮಾನ ಅವಕಾಶ ಸಿಗಬೇಕು ಎನ್ನುತ್ತದೆ ಸಂವಿಧಾನದ 16ನೇ ವಿಧಿ. ನೇಮಕಾತಿ ಮತ್ತು ಸೇವಾ ಷರತ್ತುಗಳನ್ನು ಕಾನೂನಿನಿಂದ ನಿಗದಿಪಡಿಸಲು ಅವಕಾಶ ಕೊಡುವುದು 309ನೇ ವಿಧಿ. ವಿಚಾರಣೆ ನಡೆಸದೆ ಮನೆಗೆ ಕಳಿಸುವಂತಿಲ್ಲ ಎನ್ನುವುದು 311ನೇ ವಿಧಿ. ಸಾಹೇಬರ ಅಳಿಯನನ್ನು ಗುಮಾಸ್ತನನ್ನಾಗಿ ಮಾಡುವುದಕ್ಕೂ, ಹೇಳಿದಂತೆ ಕೇಳದ ಶಿರಸ್ತೇದಾರರನ್ನು ಒಂದೇ ದಿನದಲ್ಲಿ ಕಿತ್ತುಹಾಕುವುದಕ್ಕೂ ಅಡ್ಡ ನಿಂತಿರುವುದು ಇವೇ. ತೋಟದ ಮಾಲೀಕರಿಗಿರುವ ಸ್ವಾತಂತ್ರ್ಯವನ್ನು ತಹಶೀಲ್ದಾರರಿಗೆ ಕೊಟ್ಟರೆ ಏನಾದೀತು ಎಂದು ಊಹಿಸಿಕೊಂಡರೆ ಸಾಕು, ನಿಯಮಗಳ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ನಮ್ಮ ರಾಜ್ಯದ ನಿಯಮಗಳ ಹಿಂದೆ ಇನ್ನೊಂದು ಕಥೆಯೂ ಇದೆ, ಕೊಡಗಿನವರಿಗೆ ಅದು ಹತ್ತಿರದ್ದು. 1956ರ ನವೆಂಬರ್ 1ರವರೆಗೆ ಕೊಡಗು ತನ್ನದೇ ಆದ ‘ಸಿ’ ದರ್ಜೆಯ ರಾಜ್ಯ. 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಅವರನ್ನೂ ಸೇರಿಸಿ ಇಬ್ಬರೇ ಮಂತ್ರಿಗಳು. ಮಡಿಕೇರಿಯ ಕಚೇರಿಗೆ ಯಾರು ಬೇಕು ಎನ್ನುವುದು ಆಗ ಬಹುಮಟ್ಟಿಗೆ ಮಡಿಕೇರಿಯಲ್ಲೇ ತೀರ್ಮಾನವಾಗುವ ವಿಷಯ. ರಾಜ್ಯ ಪುನರ್ವಿಂಗಡಣೆಯಾದಾಗ ಹಳೆ ಮೈಸೂರು, ಮುಂಬೈ ಪ್ರಾಂತ್ಯ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಐದು ಕಡೆಯ ನೌಕರರನ್ನು ಒಂದೇ ಜ್ಯೇಷ್ಠತಾ ಪಟ್ಟಿಗೆ ತರಬೇಕಾಯಿತು. ಒಂದು ಕಡೆಯ ಗುಮಾಸ್ತ ಇನ್ನೊಂದು ಕಡೆಯ ಯಾವ ದರ್ಜೆಗೆ ಸಮ? ಯಾರ ಸೇವೆ ಯಾರಿಗಿಂತ ಹಿರಿದು? ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಮು ನೌಕರರ ಸೇವಾ ಷರತ್ತನ್ನು ಕೇಂದ್ರದ ಅನುಮತಿಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಬಾರದು ಎಂದು ಕಟ್ಟು ಹಾಕಿತ್ತು. ವರ್ಷಾನುಗಟ್ಟಲೆ ಇದರ ಮೇಲೆ ಕೋರ್ಟ್ ಕೇಸು ನಡೆದವು. ಶಿಸ್ತು ನಿಯಮಗಳು 1957ರವು, ಜ್ಯೇಷ್ಠತಾ ನಿಯಮಗಳೂ 1957ರವು, ಸರ್ಕಾರಿ ನೌಕರರು ಇಂದಿಗೂ ‘ಕೆಸಿಎಸ್‌ಆರ್’ ಎಂದು ಕರೆಯುವ ಸೇವಾ ನಿಯಮಗಳು 1958ರವು. ಏಕೀಕರಣದ ಬೆನ್ನಿಗೇ ಬಂದ ಈ ನಿಯಮಗಳಲ್ಲಿ ‘ಎಲ್ಲರಿಗೂ ಒಂದೇ ಅಳತೆ’ ಎನ್ನುವ ಹಟ ಎದ್ದು ಕಾಣುವುದು ಸಹಜವೇ. ಆ ಹಟದ ಬೆಲೆಯನ್ನು ಮಲೆನಾಡಿನ ಜಿಲ್ಲೆಗಳು ಈಗ ಬೇರೆ ರೀತಿಯಲ್ಲಿ ತೆರುತ್ತಿವೆ.

ಹುದ್ದೆ ಬೇರೆ, ನೌಕರ ಬೇರೆ, ಕುರ್ಚಿ ಬೇರೆ

ಖಾಸಗಿಯಲ್ಲಿ ಕೆಲಸ ಮಾಡುವವರಿಗೆ ಮೊದಲು ಅರ್ಥವಾಗದ ಸಂಗತಿ ಇದು. ಮಂಜೂರಾದ ಹುದ್ದೆ ಎಂದರೆ ಕಾಗದದ ಮೇಲಿನ ಒಂದು ಜಾಗ, ಬಜೆಟ್ಟಿನಲ್ಲಿ ಅದಕ್ಕೊಂದು ಲೆಕ್ಕ. ಭರ್ತಿಯಾದ ಹುದ್ದೆ ಎಂದರೆ ಆ ಜಾಗಕ್ಕೆ ಎದುರಾಗಿ ಒಬ್ಬರ ಹೆಸರಿದೆ, ಸಂಬಳ ಆಗುತ್ತಿದೆ ಎಂದು. ಆ ಒಬ್ಬರು ಆ ಕುರ್ಚಿಯಲ್ಲಿ ಕೂತಿದ್ದಾರೆ ಎಂದು ಮಾತ್ರ ಅದರ ಅರ್ಥವಲ್ಲ.

ಓಓಡಿ ಎಂಬ ಮೂರಕ್ಷರ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತು, ಅನ್ಯ ಕಾರ್ಯ ನಿಮಿತ್ತ ಎಂದು ಕಡತದಲ್ಲಿ ಬರೆಯುತ್ತಾರೆ. ಸಂಬಳ ಮಡಿಕೇರಿಯ ಹುದ್ದೆಯಲ್ಲಿ, ಕೆಲಸ ಮೈಸೂರಿನಲ್ಲೋ ಬೆಂಗಳೂರಿನಲ್ಲೋ. ಅದರ ಜೊತೆಗೆ ನಿಯೋಜನೆ ಇದೆ, ದೀರ್ಘ ರಜೆ ಇದೆ, ಅಮಾನತು ಇದೆ. ಲೆಕ್ಕದಲ್ಲಿ ಹುದ್ದೆ ತುಂಬಿದೆ, ಆದ್ದರಿಂದ ಹೊಸಬರನ್ನು ಕೊಡಿ ಎಂದು ಕೇಳಲು ಬಾಯಿಲ್ಲ. ನನ್ನ ಪ್ರಕಾರ ಖಾಲಿ ಹುದ್ದೆಗಿಂತ ಇದೇ ಕೆಟ್ಟದ್ದು. ಖಾಲಿ ಹುದ್ದೆ ಪಟ್ಟಿಯಲ್ಲಾದರೂ ಕಾಣುತ್ತದೆ.

ಇನ್ನು ನಿಜವಾಗಿ ಖಾಲಿ ಇರುವವು. ರಾಜ್ಯದಲ್ಲಿ ಮಂಜೂರಾದ 7.5 ಲಕ್ಷಕ್ಕೂ ಹೆಚ್ಚು ಹುದ್ದೆಗಳಲ್ಲಿ ಸುಮಾರು 2.5 ಲಕ್ಷ ಖಾಲಿ ಎನ್ನುವುದು ಕೆಲವು ವರ್ಷಗಳಿಂದ ಕೇಳಿಬರುತ್ತಿರುವ ಲೆಕ್ಕ. ಒಂದು ಖಾಲಿ ಹುದ್ದೆ ತುಂಬಬೇಕಾದರೆ ಮೊದಲು ಆ ಇಲಾಖೆಯ ವೃಂದ (ಒಂದೇ ಬಗೆಯ ಹುದ್ದೆಗಳ ಗುಂಪು) ಮತ್ತು ನೇಮಕಾತಿ ನಿಯಮ ನೋಡಬೇಕು: ಇಷ್ಟು ಪಾಲು ನೇರ ನೇಮಕಾತಿ, ಇಷ್ಟು ಪಾಲು ಬಡ್ತಿ. ಬಡ್ತಿಯ ಪಾಲಿಗೆ ಬಂದ ಹುದ್ದೆಯಾದರೆ ಕೆಳಗಿನವರ ಜ್ಯೇಷ್ಠತಾ ಪಟ್ಟಿ ಅಂತಿಮವಾಗಿರಬೇಕು, ಪದೋನ್ನತಿ ಸಮಿತಿ ಕೂರಬೇಕು. ಪಟ್ಟಿಯ ಮೇಲೆ ಆಕ್ಷೇಪಣೆ ಬಂತೋ, ಆಡಳಿತ ನ್ಯಾಯಮಂಡಳಿ ಮೆಟ್ಟಿಲು. ನೇರ ನೇಮಕಾತಿಯಾದರೆ ಹಣಕಾಸು ಇಲಾಖೆಯ ಸಮ್ಮತಿ, ಆಮೇಲೆ ಮೀಸಲಾತಿ ರೋಸ್ಟರ್ ಪ್ರಕಾರ ಯಾವ ಬಿಂದು ಯಾವ ವರ್ಗಕ್ಕೆ ಎಂಬ ವರ್ಗೀಕರಣ, ಆಮೇಲೆ ಪ್ರಸ್ತಾವನೆ, ಅಧಿಸೂಚನೆ, ಪರೀಕ್ಷೆ, ಕೀ ಉತ್ತರದ ಮೇಲಿನ ತಕರಾರು, ತಾತ್ಕಾಲಿಕ ಪಟ್ಟಿ, ದಾಖಲಾತಿ ಪರಿಶೀಲನೆ, ಜಾತಿಯ ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ವರದಿ, ಆದೇಶ. ಇದರಲ್ಲಿ ಯಾವ ಕೊಂಡಿ ಎಳೆದರೂ ಇಡೀ ಸರಪಳಿ ನಿಲ್ಲುತ್ತದೆ. ಪಿಎಸ್‌ಐ ಹುದ್ದೆಗಳ ಹಗರಣ ನೆನಪಿರಬಹುದು: 545 ಹುದ್ದೆಗೆ 2021ರಲ್ಲಿ ಪರೀಕ್ಷೆ, ಅಕ್ರಮ ಬಯಲಾಗಿ ರದ್ದು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ದಾರಿ ಮಾಡಿಕೊಟ್ಟ ಮೇಲೆ, ಹಂಚಿಕೆ ಹೇಗೆ ಎಂದು ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸರ್ಕಾರ ತಡೆಹಿಡಿಯಿತು. ದಶಕಗಳ ನ್ಯಾಯದ ಬೇಡಿಕೆಗೆ ಅದು ಬೇಕಾದದ್ದೇ. ಆದರೆ ತೀರ್ಮಾನ ಬರುವ ತನಕ ಪೊನ್ನಂಪೇಟೆಯ ಕಚೇರಿಯಲ್ಲಿ ನಿವೃತ್ತಿಯಾದವರ ಕುರ್ಚಿ ಹಾಗೇ ಇರುತ್ತದೆ. 60 ತುಂಬಿದವರು ತಿಂಗಳ ಕೊನೆಯ ದಿನ ಹಾರ ಹಾಕಿಸಿಕೊಂಡು ಹೋಗುವುದಕ್ಕೆ ಯಾವ ತಡೆಯಾಜ್ಞೆಯೂ ಇಲ್ಲವಲ್ಲ!

ಬಂದವರು ಯಾಕೆ ನಿಲ್ಲುವುದಿಲ್ಲ

ಕೊಡಗಿಗೆ ಬಂದವರು ವರ್ಗಕ್ಕೆ ಅರ್ಜಿ ಹಿಡಿದೇ ಬರುತ್ತಾರೆ ಎಂಬ ದೂರು ಹಳೆಯದು. ಮಳೆ, ಜಿಗಣೆ, ಆನೆ, ದಾರಿ ಎಂದೆಲ್ಲ ಕಾರಣ ಹೇಳುವುದುಂಟು. ರೈಲು ಹಳಿಯೇ ಇಲ್ಲದ ಜಿಲ್ಲೆ ಎನ್ನುವುದೂ ಒಂದು ಕಾರಣ. ಕಲ್ಯಾಣ ಕರ್ನಾಟಕದಿಂದ ಬಂದವರು ಹಬ್ಬಕ್ಕೆ ಊರಿಗೆ ಹೋಗಬೇಕೆಂದರೆ ಮೊದಲು ಬಸ್ಸಿನಲ್ಲಿ ಮೈಸೂರಿಗೆ ಇಳಿಯಬೇಕು. ಆದರೆ ಯಾರೂ ಬಿಡಿಸಿ ಹೇಳದ ಕಾರಣ ಒಂದಿದೆ, ಮನೆ ಬಾಡಿಗೆ ಭತ್ಯೆ.

ಈ ಭತ್ಯೆ ನಿಗದಿಯಾಗುವುದು ಊರಿನ ಜನಸಂಖ್ಯೆಯ ಮೇಲೆ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಬಾಡಿಗೆ ಭತ್ಯೆ 25 ಲಕ್ಷ ಜನಸಂಖ್ಯೆ ಮೀರಿದ ನಗರದಲ್ಲಿ ಮೂಲ ವೇತನದ ಶೇ 20, ಮಧ್ಯದ ನಗರಗಳಲ್ಲಿ ಶೇ 15, ಉಳಿದೆಡೆ ಶೇ 7.5. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ ಸುಮಾರು 33 ಸಾವಿರ, ಇಡೀ ಜಿಲ್ಲೆಯದೇ 5.54 ಲಕ್ಷ, ರಾಜ್ಯದಲ್ಲೇ ಅತಿ ಕಡಿಮೆ. ಹಾಗಾಗಿ ಕೊನೆಯ ದರ್ಜೆ. ಮೂಲ ವೇತನ 40,000 ಇರುವವರಿಗೆ ಬೆಂಗಳೂರಿನಲ್ಲಿ 8,000 ಸಿಕ್ಕರೆ ಮಡಿಕೇರಿಯಲ್ಲಿ 3,000. ಇಲ್ಲಿನ ಬಾಡಿಗೆಯನ್ನು ಮಾತ್ರ ಜನಗಣತಿ ನಿರ್ಧರಿಸುವುದಿಲ್ಲ, ಹೋಂಸ್ಟೇ ನಿರ್ಧರಿಸುತ್ತದೆ. ವಾರಾಂತ್ಯದ ಪ್ರವಾಸಿಗರು ಎರಡು ರಾತ್ರಿಗೆ ಕೊಡುವ ಹಣ ಇರುವಾಗ ಮಾಲೀಕರು ಗುಮಾಸ್ತರಿಗೆ ತಿಂಗಳ ಬಾಡಿಗೆಗೆ ಏಕೆ ಮನೆ ಬಿಟ್ಟುಕೊಟ್ಟಾರು? ಅವರನ್ನು ದೂರುವಂತೆಯೂ ಇಲ್ಲ. ತಲೆ ಎಣಿಸಿ ಕೊಡುವ ಭತ್ಯೆಗೆ ಬೆಟ್ಟದ ಪ್ರವಾಸಿ ಊರು ಕಣ್ಣಿಗೆ ಬೀಳುವುದೇ ಇಲ್ಲ.

ಶಿಕ್ಷಕರ ವರ್ಗಾವಣೆಗೆ ಕಾಯ್ದೆಯೇ ಇದೆ: ಮೊದಲು 2007ರದ್ದು, ಅದರ ಜಾಗಕ್ಕೆ 2020ರದ್ದು. ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿ, ಅಂಕ ಲೆಕ್ಕ ಹಾಕಿ, ಕೌನ್ಸೆಲಿಂಗ್‌ನಲ್ಲಿ ಎಲ್ಲರೆದುರು ಜಾಗ ಆರಿಸಿಕೊಳ್ಳುವ ಪದ್ಧತಿ. ಶಿಫಾರಸು ಪತ್ರ ಹಿಡಿದು ವಿಧಾನಸೌಧ ಸುತ್ತುವುದಕ್ಕಿಂತ ಇದು ಎಷ್ಟೋ ಮೇಲು, ಇದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಇದರಲ್ಲೂ ಒಂದು ಗಂಟು ಇದೆ. ಖಾಲಿ ಹುದ್ದೆ ಒಂದು ಮಿತಿ ದಾಟಿದ ತಾಲ್ಲೂಕಿನಿಂದ ಯಾರನ್ನೂ ಹೊರಗೆ ಬಿಡುವಂತಿಲ್ಲ. ಮಕ್ಕಳ ದೃಷ್ಟಿಯಿಂದ ಸರಿಯಾದ ನಿಯಮ. ಆದರೆ ಅಲ್ಲಿ ಉಳಿದವರಿಗೆ, ಜೊತೆಯವರು ಮೊದಲೇ ಹೋಗಿಬಿಟ್ಟ ತಪ್ಪಿಗೆ ತಾವು ಸಿಕ್ಕಿಹಾಕಿಕೊಂಡೆವು ಅನ್ನಿಸುತ್ತದೆ. ಮುಂದಿನ ಸಲ ಮಿತಿ ದಾಟುವ ಮೊದಲೇ ಹೊರಡಬೇಕು ಎಂಬ ಬುದ್ಧಿ ಬರುತ್ತದೆ. ಸ್ವಂತ ಕೋರಿಕೆಯ ಮೇಲೆ ಬೇರೆ ಜ್ಯೇಷ್ಠತಾ ಘಟಕಕ್ಕೆ, ಅಂದರೆ ಬೇರೆಯದೇ ಹಿರಿತನದ ಪಟ್ಟಿ ಇರುವ ಕಡೆಗೆ, ಹೋದರೆ ಅಲ್ಲಿನ ಪಟ್ಟಿಯಲ್ಲಿ ಕೊನೆಯ ಹೆಸರಾಗಬೇಕು ಎಂಬ ನಿಯಮವೂ ಇದೆ. ಹಲವು ವರ್ಷದ ಸೇವೆಯ ಹಿರಿತನ ಬಿಟ್ಟುಕೊಟ್ಟಾದರೂ ಊರಿನ ಹತ್ತಿರ ಹೋಗುವವರಿದ್ದಾರೆ ಎಂದರೆ ಸೆಳೆತ ಎಷ್ಟೆಂದು ಲೆಕ್ಕ ಹಾಕಿ. ಅವರ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ, ಆ ಶೈಕ್ಷಣಿಕ ವರ್ಷದ ಮಟ್ಟಿಗೆ.

ಉಳಿದ ಇಲಾಖೆಗಳಲ್ಲಿ ಸಾರ್ವತ್ರಿಕ ವರ್ಗಾವಣೆ ನಡೆಯುವುದು ಹೆಚ್ಚಾಗಿ ಮೇ, ಜೂನ್‌ನಲ್ಲಿ. ಅವಧಿ ಮುಗಿದ ಮೇಲೆ ಮುಖ್ಯಮಂತ್ರಿಯವರ ಅನುಮೋದನೆ ಬೇಕು. ಬಯಲುಸೀಮೆಗೆ ಈ ಕಾಲ ಹೊಂದುತ್ತದೆ, ಶಾಲೆ ಶುರುವಾಗುವ ಹೊತ್ತು. ಕೊಡಗಿನಲ್ಲಿ ಜೂನ್ ಎಂದರೆ ಮಳೆ ಹಿಡಿದುಕೊಳ್ಳುವ ತಿಂಗಳು. 2018, 2019, 2020, ಸತತ ಮೂರು ಆಗಸ್ಟ್‌ಗಳಲ್ಲಿ ಗುಡ್ಡ ಜಾರಿದ ಜಿಲ್ಲೆ ಇದು. ಯಾವ ಹೊಳೆ ಯಾವ ಸೇತುವೆಯ ಮೇಲೆ ಹರಿಯುತ್ತದೆ, ಗುಡ್ಡದ ಯಾವ ಬರೆ ಬಿರುಕು ಬಿಟ್ಟಿದೆ, ಯಾವ ಕಾಲೊನಿಯವರನ್ನು ಮೊದಲು ಎಬ್ಬಿಸಬೇಕು ಎಂದು ತಿಳಿದವರು ರಿಲೀವ್ ಆಗಿ, ತಿಳಿಯದವರು ಚಾರ್ಜ್ ತೆಗೆದುಕೊಳ್ಳುವುದು ಸರಿಯಾಗಿ ಆ ಹೊತ್ತಿಗೆ. ಕೊಡಗಿಗಾದರೂ ವರ್ಗಾವಣೆಯನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಬಾರದೇ ಎಂದು ಕೇಳಬೇಕು ಅನ್ನಿಸುತ್ತದೆ.

ತಿಳಿವಳಿಕೆ ಎನ್ನುವುದು ಇಲ್ಲಿ ಬಾಯಿಮಾತಲ್ಲ. ಗ್ರಾಮ ಆಡಳಿತ ಅಧಿಕಾರಿ ಹುದ್ದೆಯನ್ನೇ ತೆಗೆದುಕೊಳ್ಳಿ. ಜಿಲ್ಲಾವಾರು ಹುದ್ದೆ, ಅರ್ಜಿ ಯಾವ ಜಿಲ್ಲೆಯವರಾದರೂ ಹಾಕಬಹುದು. ವಿಜಯಪುರದ ಒಬ್ಬ ಹುಡುಗಿ ಚೆನ್ನಾಗಿ ಓದಿ ಕೊಡಗಿನ ಪಟ್ಟಿಯಲ್ಲಿ ಆಯ್ಕೆಯಾದಳು ಎಂದಿಟ್ಟುಕೊಳ್ಳಿ. ಅವಳ ಊರಿನಲ್ಲಿ ಪಹಣಿ ಎಂದರೆ ಒಂದು ಸರ್ವೆ ನಂಬರು, ಒಬ್ಬರೋ ಇಬ್ಬರೋ ಖಾತೆದಾರರು. ಇಲ್ಲಿ ಅವಳ ಮುಂದೆ ಬರುವುದು ಜಮ್ಮಾ ಬಾಣೆಯ, ಅಂದರೆ ವಂಶಪಾರಂಪರ್ಯದ ಹಕ್ಕಿನ ಗದ್ದೆಗೆ ಸೇರಿದ ಮರಗಾಡಿನ ಜಮೀನಿನ, ಆರ್‌ಟಿಸಿ. ಎಂದೋ ತೀರಿಹೋದ ಪಟ್ಟೇದಾರರ (ಮನೆತನದ ಮುಖ್ಯಸ್ಥರ) ಹೆಸರು ಇನ್ನೂ ಮೇಲೆ ಕೂತಿದೆ, ಅದರ ಕೆಳಗೆ ಒಕ್ಕದ, ಅಂದರೆ ಆ ಮನೆತನದ, ಹಲವರ ಹಕ್ಕು, ಅವರಲ್ಲಿ ಕೆಲವರು ಬೆಂಗಳೂರಿನಲ್ಲಿ, ಕೆಲವರು ಸೈನ್ಯದಲ್ಲಿ. ಜಮ್ಮಾ ಯಾವುದು, ಪೂರ್ಣ ಕಂದಾಯ ಕಟ್ಟುವ ಸಾಗು ಯಾವುದು, ಬಾಣೆಯ ಮರದ ಹಕ್ಕು ಯಾರದು ಎಂಬುದರ ಬೇರು 1899ರ ಕೂರ್ಗ್ ಭೂ ಕಂದಾಯ ರೆಗ್ಯುಲೇಷನ್‌ವರೆಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಇದರ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಪ್ರೊಬೇಷನ್ ಎರಡು ವರ್ಷ, ಆ ಅವಧಿಯಲ್ಲಿ ಇಲಾಖಾ ಪರೀಕ್ಷೆ ಪಾಸು ಮಾಡಬೇಕು, ಜೊತೆಗೆ ಚುನಾವಣಾ ಕೆಲಸ, ಬೆಳೆ ಸಮೀಕ್ಷೆ, ಆಧಾರ್ ಜೋಡಣೆ. ಹಳೆ ಶಿರಸ್ತೇದಾರರು ಪಕ್ಕದಲ್ಲಿ ಕೂರಿಸಿಕೊಂಡು ‘ನೋಡಮ್ಮ, ಈ ವಂಶವೃಕ್ಷ ಹೀಗೆ ಓದಬೇಕು’ ಎಂದು ಹೇಳಿಕೊಟ್ಟರೆ ಕಲಿಯುತ್ತಾಳೆ. ಕಲಿತು ಕೈ ಕುದುರುವ ಹೊತ್ತಿಗೆ ಅವಳಿಗೆ ಮದುವೆಯಾಗಿ ಪತಿ–ಪತ್ನಿ ಪ್ರಕರಣದಡಿ ವರ್ಗ. ಅವಳದೇನೂ ತಪ್ಪಿಲ್ಲ. ಹೊಸಬರು ಬರುತ್ತಾರೆ, ವಂಶವೃಕ್ಷ ಮತ್ತೆ ಬೇರಿನಿಂದ ಶುರು. ವೃಂದದ ಲೆಕ್ಕದಲ್ಲಿ ಒಬ್ಬರು ಹೋದರು, ಒಬ್ಬರು ಬಂದರು, ಸರಿಹೋಯಿತು. ಕಡತದ ಲೆಕ್ಕ ಬೇರೆ.

ಕಾಯಂ ಅಲ್ಲದ ಕಾಯಂ ಜನ

ಹುದ್ದೆ ತುಂಬಲು ವರ್ಷಗಳು ಬೇಕು, ಕೆಲಸ ಮಾತ್ರ ನಾಳೆ ಬೆಳಿಗ್ಗೆ ಆಗಬೇಕು. ಈ ಎರಡರ ನಡುವಿನ ಕಂದಕವನ್ನು ತುಂಬುವವರು ಗುತ್ತಿಗೆ, ಹೊರಗುತ್ತಿಗೆ, ದಿನಗೂಲಿ, ಗೌರವಧನದವರು. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ವಿದ್ಯುತ್ ಪೂರೈಸುವ ನಿಗಮ ಸೆಸ್ಕ್‌ನ ಪವರ್‌ಮ್ಯಾನ್ ಜೊತೆ ಕತ್ತಿ ಹಿಡಿದು ಮರ ಕಡಿಯುವವರಲ್ಲಿ, ತೋಟಕ್ಕೆ ಇಳಿದ ಆನೆಯನ್ನು ಕಾಡಿಗೆ ಅಟ್ಟಲು ಅರಣ್ಯ ಇಲಾಖೆಯ ಜೀಪಿನಲ್ಲಿ ಹೋಗುವವರಲ್ಲಿ ಕಾಯಂ ಆಗದವರು ಎಷ್ಟೋ ಮಂದಿ. ಅಪಾಯದ ಕೆಲಸ ಹೆಚ್ಚಾಗಿ ಅವರಿಗೆ, ಸೇವಾ ಭದ್ರತೆ ಉಳಿದವರಿಗೆ ಎಂಬಂತಾಗಿದೆ.

ಇವರನ್ನು ಕಾಯಂ ಮಾಡಲು ಏನಡ್ಡಿ ಎಂದು ಕೇಳಿದರೆ, ಕರ್ನಾಟಕದಿಂದಲೇ ಹೊರಟ ಒಂದು ಪ್ರಕರಣದಲ್ಲಿ ಅದಕ್ಕೆ ಉತ್ತರವಿದೆ. ಉಮಾದೇವಿ ಪ್ರಕರಣ ಎಂದೇ ಹೆಸರಾದ ಇದು ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಸ್ಪರ್ಧೆಯಿಲ್ಲದೆ ಹಿಂಬಾಗಿಲಿನಿಂದ ಬಂದವರಿಗೆ ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ, ಅದು ಹೊರಗೆ ಕಾದು ನಿಂತ ಲಕ್ಷಾಂತರ ಅರ್ಹರಿಗೆ ಮಾಡುವ ಅನ್ಯಾಯ. ಮಂಜೂರಾದ ಹುದ್ದೆಯಲ್ಲಿ ಕೋರ್ಟ್ ಆದೇಶದ ರಕ್ಷಣೆಯಿಲ್ಲದೆ 10 ವರ್ಷ ದುಡಿದ ಅರ್ಹರಿಗೆ ಮಾತ್ರ ಒಂದು ಬಾರಿಯ ವಿನಾಯಿತಿ. ತತ್ವ ಸರಿ. ಆದರೆ ಇಲಾಖೆಗಳು ಅದರಿಂದ ಕಲಿತದ್ದು ತಾತ್ಕಾಲಿಕ ನೇಮಕ ಬಿಡುವುದನ್ನಲ್ಲ, ಯಾರೂ ಹಕ್ಕು ಕೇಳದಂತೆ ಏಜೆನ್ಸಿ ಮೂಲಕ ತೆಗೆದುಕೊಳ್ಳುವುದನ್ನು. ಆಗ ನೌಕರ ಏಜೆನ್ಸಿಯವನು, ಕೆಲಸ ಸರ್ಕಾರದ್ದು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ಕೋರ್ಟ್, ನಿತ್ಯದ ಕೆಲಸಕ್ಕೆ ವರ್ಷಾನುಗಟ್ಟಲೆ ತಾತ್ಕಾಲಿಕರನ್ನು ದುಡಿಸಿ ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳುವುದು ಸಲ್ಲದು ಎಂದು ಚುರುಕು ಮುಟ್ಟಿಸಿತು. ಅಂಗನವಾಡಿ ಕಾರ್ಯಕರ್ತೆಯರದು ಇನ್ನೊಂದು ಬಗೆ: ಅವರದು ನಾಗರಿಕ ಸೇವೆಯ ಹುದ್ದೆಯಲ್ಲ ಎಂದು ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲಿ 2006ರಲ್ಲಿ ತೀರ್ಮಾನವಾಗಿತ್ತು, ಗ್ರಾಚ್ಯುಯಿಟಿಗೆ ಮಾತ್ರ ಅವರು ಅರ್ಹರು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕೆಲಸ ಮಾಡುವವರನ್ನು ಗುರುತಿಸುವುದು, ಮಾಡದವರನ್ನು ದಾರಿಗೆ ತರುವುದು ಹೇಗೆ? ಇಲ್ಲಿ ಹೇಳುವುದು ಹೆಚ್ಚಿಲ್ಲ. ವರ್ಷಕ್ಕೊಮ್ಮೆ ಕಾರ್ಯನಿರ್ವಹಣಾ ವರದಿ ಇದೆ, ಬಹುತೇಕ ಎಲ್ಲರೂ ‘ಉತ್ತಮ’. ಬಡ್ತಿ ಸಿಗದಿದ್ದರೂ 10 ವರ್ಷಕ್ಕೊಂದು, 15 ವರ್ಷಕ್ಕೊಂದು ಮೇಲಿನ ವೇತನ ಶ್ರೇಣಿ, 20 ದಾಟಿದ ಮೇಲೆ ಹೆಚ್ಚುವರಿ ಇನ್‌ಕ್ರಿಮೆಂಟ್. ಗುಮಾಸ್ತರಾಗಿ ಸೇರಿ ಬಡ್ತಿಯ ದಾರಿ ಮುಚ್ಚಿಹೋದವರಿಗೆ ಇದು ದೊಡ್ಡ ಆಸರೆ, ಚುರುಕಿನವರಿಗೂ ಮಂದಗತಿಯವರಿಗೂ ಒಂದೇ ಎನ್ನುವುದು ಇದರ ಕೊರತೆ. ಅಮಾನತು ಮಾಡಿದರೆ ಮೊದಲ ಆರು ತಿಂಗಳು ಅರ್ಧ ಸಂಬಳ ಜೀವನಾಂಶವಾಗಿ ಕೊಡಬೇಕು, ಆ ಹುದ್ದೆ ಅಷ್ಟು ದಿನ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಸಣ್ಣ ಕಚೇರಿಯ ಮುಖ್ಯಸ್ಥರು ಹಾಗಾಗಿ ಅಮಾನತಿಗೆ ಬರೆಯುವ ಮೊದಲು ನಾಲ್ಕು ಸಲ ಯೋಚಿಸುತ್ತಾರೆ: ಇರುವ ಮೂವರಲ್ಲಿ ಒಬ್ಬರು ಹೋದರೆ ಬದಲಿಗೆ ಯಾರೂ ಬರುವುದಿಲ್ಲ.

ಅವರ ಕೈಯಲ್ಲಿ ಉಳಿಯುವುದು ಸಣ್ಣಪುಟ್ಟ ಸಂಗತಿಗಳು. ಯಾವ ವಿಷಯ ನಿರ್ವಾಹಕರಿಗೆ ಯಾವ ಕೆಲಸ ಎಂಬ ಹಂಚಿಕೆ. ವರ್ಗವಾಗಿ ಹೋಗುವವರಿಂದ ಬರೀ ಬೀರುವಿನ ಕೀಲಿ, ಸೀಲು, ರಿಜಿಸ್ಟರ್ ಪಡೆಯದೆ, ಬಾಕಿ ಕಡತಗಳ ಬಗ್ಗೆ ನಾಲ್ಕು ಪುಟದ ಟಿಪ್ಪಣಿ ಬರೆಸಿಕೊಳ್ಳುವುದು. ಹೊಸಬರನ್ನು ಜಿಲ್ಲಾ ತರಬೇತಿ ಸಂಸ್ಥೆಗೆ ಕಳಿಸುವುದರ ಜೊತೆಗೆ ಹಳಬರ ಜೊತೆ ಒಂದು ತಿಂಗಳು ಊರು ತಿರುಗಿಸುವುದು. ಇವಕ್ಕೆ ಯಾವ ಆದೇಶವೂ ಬೇಡ. ಮಾಡುವ ಅಧಿಕಾರಿಗಳು ಇದ್ದಾರೆ, ಅವರ ಕಚೇರಿ ನೋಡಿದ ಕೂಡಲೇ ಗೊತ್ತಾಗುತ್ತದೆ.

ನಿಗಮಗಳಲ್ಲಿ ಚಿತ್ರ ಸ್ವಲ್ಪ ಬೇರೆ. ಸೆಸ್ಕ್, ಕೆಎಸ್‌ಆರ್‌ಟಿಸಿಯಂಥವುಗಳಿಗೆ ತಮ್ಮದೇ ನೇಮಕಾತಿ ನಿಯಮಗಳಿವೆ. ಆದರೆ ಸೆಸ್ಕ್‌ನ ಕೇಂದ್ರ ಕಚೇರಿ ಮೈಸೂರು, ಕೆಎಸ್‌ಆರ್‌ಟಿಸಿಯ ಮಡಿಕೇರಿ ಡಿಪೋ ಸೇರಿರುವುದು ಪುತ್ತೂರು ವಿಭಾಗಕ್ಕೆ. ಲಗಾಮು ಬೆಂಗಳೂರಿನಿಂದ ಸ್ವಲ್ಪ ಹತ್ತಿರ ಬಂದಿದೆ, ಕೊಡಗಿನೊಳಗೆ ಬಂದಿಲ್ಲ.

ನಿಮ್ಮ ಊರಿನ ಕಚೇರಿಯ ಬಗ್ಗೆ ಮುಂದಿನ ಸಲ ಮನವಿ ಕೊಡುವಾಗ ‘ಸಿಬ್ಬಂದಿ ಕೊರತೆ ನೀಗಿಸಿ’ ಎಂದಷ್ಟೇ ಬರೆಯಬೇಡಿ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ ತನ್ನ ನೌಕರರ ಪಟ್ಟಿಯನ್ನು, ಅವರ ಮಾಸಿಕ ವೇತನವನ್ನು, ಯಾರೂ ಕೇಳದಿದ್ದರೂ ತಾನಾಗಿ ಪ್ರಕಟಿಸಬೇಕು. ಆ ಪಟ್ಟಿ ಹಿಡಿದುಕೊಂಡು ಮೂರು ಲೆಕ್ಕ ಬೇರೆ ಬೇರೆಯಾಗಿ ಕೇಳಿ: ಮಂಜೂರಾದ ಹುದ್ದೆ ಎಷ್ಟು, ಸಂಬಳ ಪಡೆಯುತ್ತಿರುವವರು ಎಷ್ಟು, ಇದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿರುವವರು ಎಷ್ಟು. ಮೊದಲ ಎರಡರ ನಡುವಿನ ವ್ಯತ್ಯಾಸಕ್ಕೆ ಉತ್ತರ ಕೊಡಬೇಕಾದವರು ಹೆಚ್ಚಾಗಿ ಹಣಕಾಸು ಇಲಾಖೆ ಮತ್ತು ನೇಮಕಾತಿ ಪರೀಕ್ಷೆ ನಡೆಸುವವರು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಬರೀ ಒಂದು ಆದೇಶದಿಂದ ಆದದ್ದು, ಇನ್ನೊಂದು ಆದೇಶದಿಂದ ಅದನ್ನು ರದ್ದು ಮಾಡಬಹುದು. ಶಾಸಕರನ್ನೂ ಉಸ್ತುವಾರಿ ಸಚಿವರನ್ನೂ ಮೊದಲು ಹಿಡಿಯಬೇಕಾದದ್ದು ಈ ಎರಡನೇ ವ್ಯತ್ಯಾಸಕ್ಕೆ.